ಉಪ್ಪಿನ ಜಾಗ

ಸಂಜೀವ ತೀರಿಕೊಂಡ ಮೇಲೆ ದಿನಸಿ ಅಂಗಡಿಗಳ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಅವನ ಕುರ್ಚಿಯನ್ನು ನನಗೆ ಕೊಟ್ಟರು. ಗಂಡನ ಷೇರು ನನ್ನ ಹೆಸರಿಗೆ ಬಂದಿತ್ತು, ಅಷ್ಟೇ. ನಾನು ಯರಗೇರಾದ ಸ್ನಾತಕೋತ್ತರ ಕೇಂದ್ರದಲ್ಲಿ ಇತಿಹಾಸ ಓದಿದವಳು, ವ್ಯಾಪಾರ ತಿಳಿಯದು.

ಅವನು ರಾಯಚೂರಿನ ಮೊದಲ ಅಂಗಡಿಗೆ ಬೇಳೆ ತೂಗಲು ಸೇರಿದ್ದ. ದೇವದುರ್ಗದಲ್ಲಿ ಮ್ಯಾನೇಜರ್ ಆದ, ಆಮೇಲೆ ಎಲ್ಲ ಅಂಗಡಿಗಳ ಮುಖ್ಯಸ್ಥ, ಕೊನೆಗೆ ನಿರ್ದೇಶಕ. ಯಾವ ಊರಲ್ಲಿ ಅಂಗಡಿ ತೆರೆದರೂ ಬಾಗಿಲ ಪಕ್ಕದ ಹಲಗೆಯಲ್ಲಿ ಮೊದಲು ಕಲ್ಲುಪ್ಪು ಇಡುತ್ತಿದ್ದ, ಹೊಸ ಮನೆಗೆ ಮೊದಲು ಉಪ್ಪು ಒಯ್ಯುವ ಹಾಗೆ. ನಂತರ ಬೇಳೆ, ನಂತರ ಎಣ್ಣೆ. ಜಾಗ ಕೈಗೇ ಗೊತ್ತಿರಬೇಕು ಎಂದು ಕೆಲಸಕ್ಕೆ ಸೇರಿದವರ ಕಣ್ಣಿಗೆ ಟವೆಲ್ ಕಟ್ಟಿ ಸಾಮಾನು ತರಿಸುತ್ತಿದ್ದ. ನಮ್ಮ ಅಡುಗೆಮನೆಯನ್ನೂ ಹಾಗೇ ಜೋಡಿಸಿದ್ದ. ಒಮ್ಮೆ ನನ್ನ ಕಣ್ಣಿಗೂ ಟವೆಲ್ ಕಟ್ಟಿದ. ಆಗ ನಕ್ಕಿದ್ದೆ.

ಅವನು ಎಡಚ. ಅವನಿಟ್ಟ ಪೊಟ್ಟಣಗಳ ಗಂಟು ಎಡಕ್ಕೆ ವಾಲಿರುತ್ತಿತ್ತು.

ಈ ವರ್ಷ ಅಧ್ಯಕ್ಷ ಜಗದೀಶ ಹೊಸ ಜೋಡಣೆ ತಂದರು. ಬಾಗಿಲಲ್ಲಿ ಚಾಕೊಲೇಟು, ಶಾಂಪೂ. ಉಪ್ಪು ಹಿಂದಿನ ಗೋಡೆಗೆ. ರಾಯಚೂರು, ದೇವದುರ್ಗ ಬದಲಾದವು. ಮಾನ್ವಿಯಲ್ಲಿ ಮಾತ್ರ ಶೆಟರ್ ಇಳಿಸಿ ಮತ್ತೆ ಏರಿಸಿದರೆ ಉಪ್ಪು ಬಾಗಿಲಿಗೇ ವಾಪಸ್ ಬಂದಿರುತ್ತಿತ್ತು. ಮ್ಯಾನೇಜರ್ ಪರ್ವೇಜನದೇ ಹಠ, ಅವನನ್ನು ತೆಗೆಯೋಣ ಎಂದರು ಜಗದೀಶ. ನೋಡಿ ಬರುತ್ತೇನೆ ಎಂದೆ. ಮಾನ್ವಿ ಸಂಜೀವ ತೆರೆದ ಕೊನೆಯ ಅಂಗಡಿ. ಅಲ್ಲಿಂದ ಮನೆಗೆ ಬರುವ ದಾರಿಯಲ್ಲೇ ಅವನ ಕಾರು ಉರುಳಿದ್ದು.

"ನಾ ಮುಟ್ಟಿಲ್ರಿ ಮೇಡಂ," ಎಂದ ಪರ್ವೇಜ್. "ನನ್ನ ಹೆಂಡ್ತಿ ನಿಗಾರ್‌ಗ ಹೆರಿಗಿ ಹತ್ರ ಬಂದದ. ಇಂಥಾದ್ರಾಗ ನೌಕರಿ ಜೋಡಿ ಆಟ ಆಡ್ತೀನೇನ್ರಿ?"

ಕಸ ಗುಡಿಸುತ್ತಿದ್ದ ವೆಂಕಮ್ಮ ತಲೆ ಎತ್ತಲಿಲ್ಲ. "ತನ್ನ ಟಿಫಿನ್ ಡಬ್ಬಿ ಎಲ್ಲದ ಅಂತ ಇವಂಗ ಗೊತ್ತಿರಲ್ರಿ. ಇಷ್ಟು ಸಾಮಾನು ಇವ ಜೋಡಸ್ತಾನಂತ?"

"ಸುಮ್ಮಿರು ಬೇ ಯವ್ವಾ," ಎಂದ ಪರ್ವೇಜ್.

"ನಿಮ್ಮ ಸಾಹೇಬರು ಡ್ಯೂಟಿ ಬಿಟ್ಟಿಲ್ರಿ, ಅಷ್ಟ," ಎಂದಳು ನನಗೆ.

ಬೇಸಿಗೆಯ ಮಧ್ಯಾಹ್ನ ಅಲ್ಲಿ ಅಂಗಡಿ ಮುಚ್ಚುತ್ತಾರೆ. ಉಪ್ಪನ್ನೆಲ್ಲ ಹಿಂದಿನ ಗೋಡೆಗೆ ಇಡಿಸಿದೆ. ನಾನೊಬ್ಬಳೇ ಒಳಗೆ ಕೂರುತ್ತೇನೆ, ಹೊರಗಿಂದ ಬೀಗ ಹಾಕಿ ಎಂದೆ.

"ಬ್ಯಾಡ್ರಿ ಮೇಡಂ," ಎಂದ ಪರ್ವೇಜ್. ಹಾಕಿದ.

ಕರೆಂಟ್ ಇರಲಿಲ್ಲ. ಶೆಟರಿನ ಕೆಳಗಿನ ಸಂದಿಯಿಂದ ಒಂದು ಗೆರೆ ಬಿಸಿಲು. ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯಲ್ಲಿ ಕುಳಿತೆ. ಯಾರೂ ಬರಲಿಲ್ಲ. ಏನೂ ಸದ್ದಾಗಲಿಲ್ಲ. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಅವನು ಹೋದಾಗಿನಿಂದ ನನಗೆ ಏನೂ ಆಗುವುದಿಲ್ಲ. ಬಿಸಿಲಿನ ಗೆರೆ ನೋಡುತ್ತಾ ಇದ್ದೆ. ಕಣ್ಣು ಮುಚ್ಚಿದ ನೆನಪಿಲ್ಲ.

ಶೆಟರ್ ಎದ್ದಿತು. ಪರ್ವೇಜ್ ಹೊಸ್ತಿಲಲ್ಲೇ ನಿಂತ. ವೆಂಕಮ್ಮ ಅವನ ಹಿಂದೆ.

ನಾನು ಕುರ್ಚಿಯಲ್ಲಿ ಇರಲಿಲ್ಲ. ಬಾಗಿಲ ಪಕ್ಕದ ಹಲಗೆಯ ಮುಂದೆ ನಿಂತಿದ್ದೆ. ಹಲಗೆಯ ತುಂಬ ಉಪ್ಪು. ಗಂಟುಗಳೆಲ್ಲ ಎಡಕ್ಕೆ ವಾಲಿದ್ದವು. ಒಂದು ಪೊಟ್ಟಣ ಹರಿದಿತ್ತು.

"ಮೇಡಂ, ಕೈ," ಎಂದಳು ವೆಂಕಮ್ಮ, ಮೆಲ್ಲಗೆ.

ಎಡ ಅಂಗೈಯಲ್ಲಿ ಉಪ್ಪಿನ ಹರಳುಗಳು ಅಂಟಿದ್ದವು. ಬಲಗೈಯಲ್ಲಿ ಒಂದು ಹರಳೂ ಇರಲಿಲ್ಲ. ನಾನು ಎಡಚಿ ಅಲ್ಲ.

ಮುಂದಿನ ಸಭೆಯಲ್ಲಿ ಪರ್ವೇಜನನ್ನು ತೆಗೆಯುವ ವಿಷಯ ಬಂತು.

"ಅವನಲ್ಲ, ನಾನು," ಎಂದೆ.

"ನೀವು ಮಾನ್ವಿಗೆ ಹೋಗಿದ್ದೇ ಮೊನ್ನೆ," ಎಂದರು ಜಗದೀಶ. "ಅದಕ್ಕೂ ಮುಂಚೆ ಆಗಿದ್ದು?"

"ಅದೂ ನಾನೇ."

ಅವರು ಪರ್ವೇಜನ ಕಡತ ಮುಚ್ಚಿ ಪಕ್ಕಕ್ಕಿಟ್ಟರು. ಪರ್ವೇಜ್ ಉಳಿದುಕೊಂಡ. ಮಾನ್ವಿಯಲ್ಲಿ ಉಪ್ಪೂ ಬಾಗಿಲಲ್ಲೇ ಇರಲಿ ಎಂದಾಯಿತು.

ಸಹಿ ಮಾಡಲು ಪೆನ್ನನ್ನು ನನ್ನ ಬಲಗಡೆ ಇಟ್ಟರು. ನನ್ನ ಎಡಗೈ ಬಂದು ತೆಗೆದುಕೊಂಡಿತು.