ನೆಲ ಮೊದಲೋ, ಚೆಂಡು ಮೊದಲೋ

ಹತ್ತು ಚೆಂಡು ಹೊಡೆಯಬೇಕು, ಏಳಾದರೂ ಸರಿಯಾಗಿ ತಾಗಬೇಕು. ಕ್ಲಬ್ಬಿನ ಸೆಕ್ರೆಟರಿ ಮಹಾದೇವಯ್ಯನವರು ಹೇಳಿಕಳಿಸಿದ್ದು ಇಷ್ಟೇ. ಮಾರ್ಚಿನ ಒಂದು ಭಾನುವಾರ ಆಶಾ ಇದನ್ನು ಮಾಡಿ ತೋರಿಸಿದರೆ ಎಸ್ಟೇಟ್ ಮಾಲೀಕರ ಮಕ್ಕಳಿಗೆ ಗಾಲ್ಫ್ ಕಲಿಸುವ ಕೆಲಸ ಅವಳದು. ಇಲ್ಲದಿದ್ದರೆ ಅದೇ ದಿನ ಅಣ್ಣ ಶಿವು ಜೀಪು ತರುತ್ತಾನೆ, ಅವಳು ಕುಂದೂರಿನ ತವರಿಗೆ ಹೊರಡುತ್ತಾಳೆ.

ಆ ಕೆಲಸ ಮೊದಲು ಅವಳ ಮಾವ ದೇವೀರಪ್ಪನದಾಗಿತ್ತು. ಚಿಕ್ಕಂದಿನಲ್ಲಿ ಆಟಗಾರರ ಚೀಲ ಹೊರುವ ಕ್ಯಾಡಿಯಾಗಿ ಸೇರಿದವನು, ನೋಡಿ ನೋಡಿಯೇ ಆಟ ಕಲಿತು, ಮೂವತ್ತು ವರ್ಷ ಬೇರೆಯವರಿಗೆ ಕಲಿಸಿದ. ಕಣ್ಣಿಗೆ ಪೊರೆ ಬಂದ ಮೇಲೆ ಆ ಜಾಗಕ್ಕೆ ಮಗ, ಆಶಾಳ ಗಂಡ ಮಹೇಶ ಬಂದ. ಕಳೆದ ಜುಲೈಯಲ್ಲಿ ಹೊಂಗಡಹಳ್ಳದ ಹತ್ತಿರ ತಿರುವಿನಲ್ಲಿ ಬೈಕು ಜಾರಿ ಮಹೇಶ ಹೋದ. ಆಶಾ ಅಳಲಿಲ್ಲ. ನೋಡಲು ಬಂದವರು ಗಟ್ಟಿ ಹೆಣ್ಣು ಎಂದರು. ಅದು ಗಟ್ಟಿತನವಲ್ಲ ಎಂದು ಅವಳಿಗೆ ಗೊತ್ತಿತ್ತು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿಬಿಡುತ್ತಿದ್ದಳು. ಬೆರಳು ಕೆಂಪಾದದ್ದನ್ನು ಆಮೇಲೆ ನೋಡಿಕೊಳ್ಳುತ್ತಿದ್ದಳು.

ಕೆಲಸ ಕೇಳೋಣ ಎಂದವಳು ಅವಳೇ. ತವರಿನಲ್ಲಿ ಅವಳು ಒಳಗೆ ಬಂದರೆ ಸಾಕು, ಎಲ್ಲರ ದನಿ ತಗ್ಗುತ್ತಿತ್ತು. ಬೆಳಗ್ಗೆ ಎದ್ದು ಮಾಡಲು ಅವಳಿಗೆ ಏನಾದರೂ ಬೇಕಿತ್ತು. ಮದುವೆಯ ಹೊಸದರಲ್ಲಿ ಮಹೇಶ ಗಾಲ್ಫ್ ಕೋಲು ಹಿಡಿಯುವುದನ್ನು ತಮಾಷೆಗೆ ಹೇಳಿಕೊಟ್ಟಿದ್ದ. ಅಷ್ಟೇ ಅವಳ ವಿದ್ಯೆ. ಉಳಿದದ್ದನ್ನು ಮಾವ ಕಲಿಸಬೇಕಿತ್ತು.

ಸಂಕ್ರಾಂತಿಯ ಮರುದಿನ ದೇವೀರಪ್ಪ ಮನೆಯ ಹಿಂದಿನ ಹುಲ್ಲಿಗೆ ಒಂದು ಡಬ್ಬಿ ತಂದ. ರಂಗೋಲಿ ಪುಡಿಯದು.

“ಇದನ್ಯಾಕೆ ತಂದ್ರಿ ಮಾವ?”

“ಸುಣ್ಣ ಖಾಲಿ. ಇದೂ ಬಿಳೀನೇ ಐತಲ್ಲ. ವರ್ಷ ಆಗೋಗಂಟ ಬಾಗ್ಲಿಗೆ ಹಾಕಂಗಿಲ್ಲ ಅಂದವ್ರೆ. ಹುಲ್ಲಿಗೆ ಹಾಕ್ಬ್ಯಾಡಿ ಅಂತ ಯಾರೂ ಅಂದಿಲ್ಲ.”

ಬಗ್ಗಿ, ತಡವರಿಸುತ್ತ, ಒಂದು ಉದ್ದನೆಯ ಗೆರೆ ಎಳೆದ. ಚೆಂಡಿಲ್ಲ. ಗೆರೆಯ ಎರಡೂ ಪಕ್ಕಕ್ಕೆ ಕಾಲಿಟ್ಟು ನಿಂತು ಬೀಸಬೇಕು. ಕೋಲು ನೆಲ ಕೆರೆದ ಗಾಯ ಗೆರೆಯಲ್ಲೇ ಶುರುವಾಗಿ ಮುಂದಕ್ಕೆ ಹೋಗಬೇಕು. ಹಾಗಾದರೆ ಕೋಲು ಚೆಂಡನ್ನು ಮೊದಲು, ನೆಲವನ್ನು ಆಮೇಲೆ ಮುಟ್ಟುತ್ತದೆ. ಆಶಾ ಬೀಸಿದಳು. ದೇವೀರಪ್ಪ ಕುಕ್ಕರಗಾಲಲ್ಲಿ ಕೂತು ಹುಲ್ಲನ್ನು ಬೆರಳಲ್ಲಿ ಸವರಿದ. ಗಾಯ ಗೆರೆಗಿಂತ ಒಂದು ಗೇಣು ಹಿಂದಿತ್ತು. ಇಪ್ಪತ್ತು ಸಲ ಬೀಸಿದರೂ ಅದೇ ಗೇಣು. ವಾರ ಕಳೆದರೂ ಅದೇ.

ಒಂದು ಬೆಳಗ್ಗೆ ಅವನು ಹುಲ್ಲು ಮುಟ್ಟದೆ, ಮುಖ ತಿರುಗಿಸಿ ನಿಂತು, ಬರೀ ಕೇಳಿಸಿಕೊಂಡ.

“ಬೀಸೋ ಸದ್ದು ನಡುವ್ಕೇ ನಿಂತೋಯ್ತದೆ. ಅಪ್ಪನ ತೋಟದಾಗೆ ಕಳೆ ಹೊಡೀತಿದ್ದೇನಮ್ಮ?”

“ಹೂಂ. ಕಾಲೇಜು ರಜೇಲಿ.”

“ಅದೇ ಕಣಮ್ಮ! ಕಾಫಿ ಬುಡ ಬಂತು ಅಂತ ಕತ್ತಿ ತಡ್ಕೊತೀಯ. ಮೈಯೆಲ್ಲ ಹಿಂದ್ಕೆ ಎಳ್ಕೊತೀಯ. ಇಲ್ಲಿ ಯಾವ ಗಿಡ ಐತೆ? ಚೆಂಡು ಮಾರಾಯ್ತಿ, ಅದು ಏಟು ತಿನ್ನಾಕೇ ಹುಟ್ಟಿರೋದು!”

ಆಶಾ ಕೈ ನೋಡಿಕೊಂಡಳು. ನಿಜ. ಗಿಡದ ಬುಡಕ್ಕೆ ಪೆಟ್ಟು ಬಿದ್ದರೆ ಅಪ್ಪ ಬೈಯುತ್ತಿದ್ದರು. ಇಳಿಜಾರಿನಲ್ಲಿ ಹಿಂದಿನ ಕಾಲಿನ ಮೇಲೆ ಭಾರ ಹಾಕಿ, ಕೊನೆಯ ಗಳಿಗೆಯಲ್ಲಿ ಕೈ ತಡೆಯುವುದನ್ನು ಅವಳು ತಾನು ಓದಿದ ಎಂ.ಎ.ಗಿಂತ ಚೆನ್ನಾಗಿ ಕಲಿತಿದ್ದಳು.

ಅಲ್ಲಿಂದ ಪಾಠ ಬದಲಾಯಿತು. ಬಲಗಾಲಿನ ಹಿಮ್ಮಡಿ ಎತ್ತಿಕೊಂಡು, ಎಡಗಾಲ ಮೇಲೇ ನಿಂತು ಅರ್ಧ ಬೀಸು. ಚೆಂಡಿನ ಹಿಂದೆ ಒಂದು ಗೇಣು ದೂರಕ್ಕೆ ಮಡಿಸಿದ ಟವಲ್. ಅದು ಅಲುಗಿದರೆ ಹೊಡೆತ ಲೆಕ್ಕಕ್ಕಿಲ್ಲ. ಚೆಂಡಿನ ಮುಂದೆ ನಾಲ್ಕು ಬೆರಳಾಚೆ ಒಂದು ಒಣಗಿದ ಎಲೆ. ಚೆಂಡಿನ ಜೊತೆ ಅದೂ ಹಾರಬೇಕು.

“ಸರಿಯಾಗಿ ಬಿದ್ರೆ ಕೈಗೆ ಗೊತ್ತೇ ಆಗಲ್ಲ,” ಎಂದ ದೇವೀರಪ್ಪ. “ಬಾಳೆದಿಂಡು ಕುಯ್ದಂಗಿರ್ತದೆ. ನೆಲಕ್ಕೆ ಬಿದ್ರೆ ಮೊಣಕೈಗಂಟ ಜುಂ ಅಂತದೆ.”

ಆಶಾಳ ಕೈಗೆ ಎರಡೂ ಒಂದೇ ಆಗಿತ್ತು. ಅದನ್ನು ಅವಳು ಹೇಳಲಿಲ್ಲ. ಪ್ರತಿ ಹೊಡೆತದ ನಂತರ ಬಗ್ಗಿ ಗೆರೆ ನೋಡುತ್ತಿದ್ದಳು, ಟವಲ್ ನೋಡುತ್ತಿದ್ದಳು. ಕಣ್ಣು ಹೇಳಿದ್ದನ್ನು ನಂಬುತ್ತಿದ್ದಳು.

ಮಾರ್ಚಿನ ಆ ಭಾನುವಾರ ಕ್ಲಬ್ಬಿನ ಮೈದಾನ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ನೆರಳಲ್ಲಿ ಮೂರು ಕುರ್ಚಿ, ನಡುವೆ ಮಹಾದೇವಯ್ಯನವರು. ಗೆರೆ ಹಾಕುವಂತಿಲ್ಲ, ಟವಲ್ ಇಡುವಂತಿಲ್ಲ. ದೇವೀರಪ್ಪ ದೂರದಲ್ಲಿ ಬೆನ್ನು ಮಾಡಿ, ಕಿವಿಗೊಟ್ಟು ನಿಂತ.

ಮೊದಲನೆಯದು ಮಣ್ಣೆತ್ತಿ ಹತ್ತು ಮಾರು ಹೋಗಿ ಬಿತ್ತು. ಕುರ್ಚಿಯೊಂದರಲ್ಲಿ ಯಾರೋ ಕೆಮ್ಮಿದರು. ಆಮೇಲಿನ ಮೂರು ನೆಟ್ಟಗೆ ಮೇಲೆದ್ದವು. ಐದನೆಯದೂ ಆರನೆಯದೂ ಕೆಟ್ಟವು. ಏಳು, ಎಂಟು, ಒಂಬತ್ತು ಚೆನ್ನಾಗಿ ಬಂದವು. ಆರು ಆಯಿತು. ಉಳಿದದ್ದು ಒಂದೇ ಚೆಂಡು.

ಹತ್ತನೆಯದು ಮೇಲೇಳಲಿಲ್ಲ. ಕೆಳಗೇ ಹಾರಿ, ಗಟ್ಟಿ ನೆಲದ ಮೇಲೆ ಪುಟಿದು ಪುಟಿದು ಓಡಿ, ಗುರಿಯ ಬಾವುಟದ ಹತ್ತಿರವೇ ನಿಂತಿತು. ಚಪ್ಪಾಳೆ ಬಿತ್ತು.

“ಏಳು!” ಎಂದರು ಮಹಾದೇವಯ್ಯನವರು. “ಆಯ್ತಲ್ಲಮ್ಮ!”

ಆಶಾ ಕೋಲು ಕೆಳಗಿಟ್ಟಳು. ಅಂಗೈಯಿಂದ ಮೊಣಕೈಯವರೆಗೆ ಏನೋ ಹರಿದು ಹೋಗಿ ಅಲ್ಲೇ ನಿಂತು ಸಿಡಿಯುತ್ತಿತ್ತು.

“ಇದು ಲೆಕ್ಕಕ್ಕೆ ಬೇಡ ಸರ್. ನೆಲ ಮೊದಲು ತಾಗಿತು.”

“ಎಲ್ಲಕ್ಕಿಂತ ದೂರ ಹೋಗೈತಲ್ಲಮ್ಮ!”

“ನೆಲ ಒಣಗಿದೆ, ಉರುಳಿತು. ಮಕ್ಕಳು ಹೀಗೆ ಹೊಡೆದರೆ ನಾನೇ ತಪ್ಪು ಅನ್ನಬೇಕಾಗುತ್ತೆ.”

ಮೂವರೂ ತಲೆ ಹತ್ತಿರ ತಂದು ಮಾತಾಡಿಕೊಂಡರು. ಕಮಿಟಿಯ ತೀರ್ಮಾನ ಏಳು, ಆರಕ್ಕೆ ಕೊಡಲು ಬರುವುದಿಲ್ಲ ಎಂದರು ಮಹಾದೇವಯ್ಯನವರು. ಆದರೆ ಯುಗಾದಿ ಕಳೆದ ಮೇಲೆ ಇನ್ನೊಮ್ಮೆ ನೋಡೋಣ, ಅಲ್ಲಿಯತನಕ ಜಾಗ ಖಾಲಿ ಇರುತ್ತದೆ ಎಂದರು.

ದಾರಿಯಲ್ಲಿ ದೇವೀರಪ್ಪ ಕೊಡೆಯ ಕೋಲಿನಿಂದ ನೆಲ ತಡವುತ್ತ ನಡೆದ.

“ಬಾಯಿ ಮುಚ್ಕೊಂಡಿದ್ರೆ ಕೆಲ್ಸ ಆಗ್ಬುಡ್ತಿತ್ತಲ್ಲಮ್ಮ.”

“ನಿಮಗೂ ಕೇಳಿಸ್ತಲ್ವಾ ಮಾವ?”

“ಕೇಳಿಸ್ತು. ನಾನಂತೂ ಯೋಳ್ತಿರ್ಲಿಲ್ಲ.” ನಾಲ್ಕು ಹೆಜ್ಜೆ ನಡೆದು ಕೇಳಿದ, “ನಿಂಗೆಂಗೆ ಗೊತ್ತಾಯ್ತು? ಬಗ್ಗಿ ನೋಡಿದ್ಯಾ?”

“ಕೈ ನೋಯ್ತು,” ಎಂದಳು ಆಶಾ.

ದಾರಿಯ ಪಕ್ಕದ ಮಣ್ಣಿನ ದರೆಗೆ ಒರಗಿ ಕೂತುಬಿಟ್ಟಳು. ಎಂಟು ತಿಂಗಳು ಬಾರದ ಅಳು ಸದ್ದು ಮಾಡುತ್ತ ಬಂತು. ದೇವೀರಪ್ಪ ಕೊಡೆಯ ಕೋಲೂರಿ ಪಕ್ಕದಲ್ಲಿ ನಿಂತ. ಸಾಕು ಎನ್ನಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡಿದಾಗ, ಹೋಗಿ ಎಂದು ಕೈಸನ್ನೆ ಮಾಡಿದ.

ಮನೆಯ ಮುಂದೆ ಶಿವು ಜೀಪಿಗೆ ಒರಗಿ ಕಾಯುತ್ತಿದ್ದ. ತಂಗಿಯ ಮುಖ ನೋಡಿ ಸೋಲೆಂದೇ ತಿಳಿದ.

“ಹೋಗ್ಲಿ ಬುಡು, ಅದೇನ್ ಮಹಾ ಆಟ. ಬಟ್ಟೆ ಕಟ್ಕೊಂಡಿದೀಯೇನೆ?”

“ಇಲ್ಲ ಅಣ್ಣ. ಕಾಫಿ ಕುಡ್ಕೊಂಡು ಹೋಗು. ನಾನು ಬರಲ್ಲ, ಇನ್ನೂ ಕಲಿಯೋದೈತೆ.”