ಯಾವ ಸಾಲಿಗೂ ಸೇರದ ಹಲ್ಲು

ಮಗಳ ಶಾಲೆಯಲ್ಲಿ ಸಾಹಿತ್ಯ ಪರಿಚಯ ಎಂಬ ಹೊಸ ಪಾಠ ಶುರುವಾದಾಗಿನಿಂದ ಮನೆಯಲ್ಲಿ ನೆಮ್ಮದಿಯಾಗಿ ಬಾಯಿ ಬಿಡುವಂತಿರಲಿಲ್ಲ. "ಅಯ್ಯೋ, ಹಾಲು ಉಕ್ಕಿ ಹೋಯ್ತು!" ಎಂದರೆ ಅದು ನಾಟಕದ ಮಾತು ಎನ್ನುತ್ತಿದ್ದಳು. ತರಕಾರಿ ಮರೆತು ಬಂದ ಅವಳಪ್ಪ ಹೇಳುತ್ತಿದ್ದ ಕಾರಣಗಳೆಲ್ಲ ಕಾದಂಬರಿ.

ಪಾಠ ಮಾಡುವವರಿಗೆ ಮಕ್ಕಳಿಟ್ಟ ಹೆಸರು ಸಾಲು ಮೇಷ್ಟ್ರು. ಮಕ್ಕಳು ಬರೆದು ತಂದದ್ದನ್ನು ಅವರು ಮೊದಲು ತೋಳಿನಷ್ಟು ದೂರ ಹಿಡಿದು ನೋಡುತ್ತಾರೆ, ಓದುವುದು ಆಮೇಲೆ. ಸಾಲುಗಳು ಅಂಚು ಮುಟ್ಟದಿದ್ದರೆ ಕವಿತೆ, ಬರೆದವರು ಕಿಟಕಿಯ ಬಳಿ ಸಾಲಾಗಿ ನಿಲ್ಲಬೇಕು. ಎಡಗಡೆ ಹೆಸರುಗಳಿದ್ದರೆ ನಾಟಕ, ಬಾಗಿಲ ಬಳಿ. ಯಾರಿಗೂ ಏನೂ ಆಗದಿದ್ದರೆ ಪ್ರಬಂಧ, ಹಿಂದಿನ ಗೋಡೆಗೆ. ಕಥೆಗಾರರಿಗೆ ಕಪ್ಪುಹಲಗೆಯ ಪಕ್ಕ ಜಾಗ. ಅಲ್ಲೂ ನಗಿಸುವವರು ಒಂದು ಕಡೆ, ಅಳಿಸುವವರು ಇನ್ನೊಂದು ಕಡೆ.

ನನ್ನ ಮಗಳು ಬರೆದದ್ದು ಅಜ್ಜಿಯ ಹಲ್ಲಿನ ಸೆಟ್ಟಿನ ವಿಷಯ. ಮಾವನವರು ತೀರಿಕೊಂಡ ಮೇಲೂ ನಮ್ಮತ್ತೆ ಅವರ ಸೆಟ್ಟನ್ನು ತಮ್ಮದರ ಪಕ್ಕದಲ್ಲೇ ಲೋಟದ ನೀರಿನಲ್ಲಿ ಇಡುತ್ತಿದ್ದರು. ಒಂದು ಬೆಳಿಗ್ಗೆ ತಪ್ಪಿ ಅದನ್ನೇ ಹಾಕಿಕೊಂಡು ಬಂದು ಚಹಾ ಕೇಳಿದರು. ಮಾತು ಥೇಟ್ ಮಾವನವರ ಹಾಗೆ ಸುಯ್ ಎಂದಿತು. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು, ಅತ್ತೆಯೂ ನಕ್ಕರು. ಆಮೇಲೆ ಅದನ್ನು ತೆಗೆಯಲು ಒಪ್ಪದೆ ಮಧ್ಯಾಹ್ನದವರೆಗೂ ಸುಮ್ಮನೆ ಕೂತಿದ್ದರು.

ಮೇಷ್ಟ್ರು ಇದನ್ನು ಓದಿ ನಕ್ಕರಂತೆ, ಗಂಟಲು ಸರಿಮಾಡಿಕೊಂಡರಂತೆ, ಆಮೇಲೆ ಸಿಟ್ಟಾದರಂತೆ. "ನಗಿಸ್ತೀಯೋ ಅಳಿಸ್ತೀಯೋ, ಮೊದ್ಲು ತೀರ್ಮಾನ ಮಾಡು. ಅಲ್ಲೀವರೆಗೂ ಮಧ್ಯದಲ್ಲಿ ನಿಂತಿರು."

ಪೋಷಕರ ಸಭೆಯಲ್ಲಿ ಸಾಲಿನಲ್ಲಿದ್ದವರಿಗಷ್ಟೇ ಓದುವ ಅವಕಾಶ. ಅತ್ತೆಯೋ ಆಗಲೇ ಬೀದಿಗೆಲ್ಲ ಸಾರಿ ಬಂದಿದ್ದರು: "ಗುರುವಾರ ಶಾಲೇಲಿ ನನ್ನ ಹಲ್ಲು ಓದ್ತಾರೆ!" ಅವರಿಗೆ ಏನು ಹೇಳುವುದೆಂದು ತಿಳಿಯದೆ ಮಗಳು ತಟ್ಟೆಯ ಮುಂದೆ ಕಣ್ಣು ಒರೆಸಿಕೊಂಡಳು.

ಮನೆಮಂದಿಯೆಲ್ಲ ರಿಪೇರಿಗೆ ನಿಂತರು. ಒಂದು ಕಾಲದಲ್ಲಿ ನಾಟಕದಲ್ಲಿ ಕಾವಲುಗಾರನ ಪಾತ್ರ ಮಾಡಿದ್ದ ನನ್ನ ಮೈದುನ, "ದುರಂತ ಮಾಡ್ಬಿಡೋಣ ಮರಿ. ಕೊನೇಲಿ ಅಜ್ಜಿ ಸತ್ತರೆ ಮುಗೀತು," ಎಂದ.

"ನನ್ನನ್ಯಾಕೋ ಸಾಯಿಸ್ತೀಯ?" ಅತ್ತೆ ಒಳಗಿನಿಂದಲೇ ಕೂಗಿದರು. "ಬೇಕಾದ್ರೆ ಆ ಕಾವಲುಗಾರನ್ನ ಸಾಯ್ಸು!"

ಪಕ್ಕದ ಮನೆಯಾಕೆ ಕತ್ತರಿ ಹಿಡಿದವಳಂತೆ ಪ್ರತಿ ಸಾಲನ್ನೂ ಅರ್ಧಕ್ಕೆ ಕಡಿದು, ಮೇಲೆ "ಓ ಹಲ್ಲೇ!" ಎಂದು ಸೇರಿಸಿಕೊಟ್ಟಳು. ಆಮೇಲೆ ಅದನ್ನು ತಾನೇ ಓದಿ ತಾನೇ ನಿಟ್ಟುಸಿರು ಬಿಟ್ಟಳು.

ನಾನು ಒಣಗಿದ ಬಟ್ಟೆ ಮಡಿಸುತ್ತಿದ್ದೆ. ಮಗಳು ಬಂದು ಮಡಿಲಲ್ಲಿ ತಲೆಯಿಟ್ಟಳು.

"ಯಾವುದು ಓದ್ಲಿ ಅಮ್ಮ?"

"ಅಜ್ಜಿಗೆ ಯಾವುದು ಕೇಳಿಸ್ಬೇಕು ಅಂತ ಬರೆದೆ?"

"ನಂದು."

"ಮತ್ತೆ?"

"ಸಾಲು?"

ನಾನು ಬಟ್ಟೆ ಬದಿಗಿಟ್ಟೆ. ಅವಳ ಕೂದಲಿನ ಸಿಕ್ಕು ಬಿಡಿಸುತ್ತಾ ಕೂತೆ.

ಗುರುವಾರ ಅತ್ತೆಯನ್ನು ಕರೆದುಕೊಂಡು ಹೋದೆ. ಮಕ್ಕಳು ಗೋಡೆಗಂಟಿಕೊಂಡು ಸಾಲುಸಾಲಾಗಿ ಬೆವರುತ್ತಿದ್ದರು. ನನ್ನ ಮಗಳು ಕೋಣೆಯ ನಡುವೆ ಒಬ್ಬಳೇ. ಕವಿತೆಯವರು ಓದಿದರು, ನಾಟಕದವರು ಕೂಗಾಡಿದರು, ಪ್ರಬಂಧದವರ ಸರದಿಯಲ್ಲಿ ಒಬ್ಬಿಬ್ಬರು ಅಪ್ಪಂದಿರು ಆಕಳಿಸಿದರು. ಕಥೆಯವರೂ ಮುಗಿಸಿದ ಮೇಲೆ ಮೇಷ್ಟ್ರು ವಂದನಾರ್ಪಣೆಗೆ ಎದ್ದರು.

"ಸ್ವಾಮಿ, ನನ್ನ ಹಲ್ಲು?" ಅತ್ತೆ ಎದ್ದು ನಿಂತರು.

"ಅದಕ್ಕೆ ಪ್ರಕಾರ ಇಲ್ಲ ತಾಯಿ."

"ಮೊದ್ಲು ಓದ್ಲಿ. ಎಲ್ಲರೂ ಕೇಳಿ ಪ್ರಕಾರ ಹುಡುಕಿಕೊಡ್ತೀವಿ."

ಪೋಷಕರ ಎದುರು ಬೇಡವೆನ್ನಲಾಗದೆ ಮೇಷ್ಟ್ರು ಓದು ಎಂಬಂತೆ ಕೈಸನ್ನೆ ಮಾಡಿದರು. ಮಗಳು ತಾನು ಮೊದಲು ಬರೆದದ್ದನ್ನೇ ಬಿಡಿಸಿ ಓದಿದಳು. ಚಹಾದ ಮಾತಿಗೆ ಕೋಣೆ ಗೊಳ್ಳೆಂದಿತು. ಮಧ್ಯಾಹ್ನದ ಮಾತಿಗೆ ಯಾರೂ ಕೆಮ್ಮಲಿಲ್ಲ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ಪಕ್ಕದಲ್ಲಿದ್ದ ನನಗೂ ತಿಳಿಯಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಇನ್ನೊಮ್ಮೆ ಒರೆಸಿದರು. ಆಮೇಲೆ ಸಾವರಿಸಿಕೊಂಡು ಹಲಗೆಯ ಮೇಲೆ ದೊಡ್ಡದಾಗಿ "ಇತರೆ" ಎಂದು ಬರೆದರು.

ಮುಂದಿನ ವಾರದ ಪಾಠಕ್ಕೆ ತರಗತಿಯೆಲ್ಲ ಇತರೆಗೆ ಬಂದು ಸೇರಿತಂತೆ. ಒಬ್ಬ ತನ್ನ ಚಿಕ್ಕಪ್ಪನ ಗೊರಕೆ ಬರೆದಿದ್ದ, ಒಬ್ಬಳು ಮುರಿದ ಕೊಡೆ ಬರೆದಿದ್ದಳು. ಗೋಡೆಗಳು ಖಾಲಿ. ಮೇಷ್ಟ್ರು ಸ್ವಲ್ಪ ಹೊತ್ತು ತಲೆ ಮೇಲೆ ಕೈಹೊತ್ತು ಕೂತು, ಕೊನೆಗೆ ಸೀಮೆಸುಣ್ಣ ಹಿಡಿದು ಬಗ್ಗಿದರಂತೆ. ನೆಲದ ಮೇಲೆ ಗೆರೆ ಎಳೆದು ಇತರೆಯನ್ನೇ ವಿಂಗಡಿಸಲು ಶುರುಮಾಡಿದರಂತೆ: ಮನೆಯ ಇತರೆ, ಬೀದಿಯ ಇತರೆ, ಹಲ್ಲಿಗೆ ಸಂಬಂಧಿಸಿದ ಇತರೆ.

"ನಿನ್ನನ್ನ ಎಲ್ಲಿ ನಿಲ್ಲಿಸಿದ್ರು ಕಂದ?" ಪಾತ್ರೆ ತೊಳೆಯುತ್ತಲೇ ಕೇಳಿದೆ.

"ಈ ಸಲ ಗೊರಕೆ ಹೊಡೆಯೋ ನಾಯಿ ಸತ್ತು ಹೋಗೋದು ಬರೆದಿದ್ದೆ. ಅದೂ ಎಲ್ಲೂ ಸೇರಲಿಲ್ಲ. ಮತ್ತೆ ಮಧ್ಯಕ್ಕೆ."

ನಾನು ಕೈ ಒರೆಸಿಕೊಂಡು ಗಾಬರಿಯಿಂದ ಅವಳ ಮುಖ ನೋಡಿದೆ. ಅವಳು ಅಜ್ಜಿಯ ಲೋಟಕ್ಕೆ ಹೊಸ ನೀರು ತುಂಬುತ್ತಿದ್ದಳು.

"ಪರವಾಗಿಲ್ಲಮ್ಮ," ಎಂದಳು. "ಫ್ಯಾನ್ ಇರೋದು ಅಲ್ಲೇ."