ಹೊಸ ಕಾಲು, ಹಳೆ ತಲೆ

ಬಳ್ಳಾರಿಯ ಮರಿಬಸಪ್ಪ ತೆಗೆದ ಫೋಟೋಗಳಲ್ಲಿ ಸತ್ತವರು ಮಾತ್ರ ಸ್ಪಷ್ಟವಾಗಿರುತ್ತಿದ್ದರು. ವಿಭೂತಿ ಹಚ್ಚಿ, ಹೂವಿನ ಸರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ ಹಿರಿಯರ ಹಣೆಯ ಒಂದೊಂದು ಸುಕ್ಕನ್ನೂ ಎಣಿಸಬಹುದಿತ್ತು. ಸುತ್ತ ನಿಂತ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಹೊಗೆಯಂತೆ ಕದಡಿ ಹೋಗಿರುತ್ತಿದ್ದರು. ನಾಲ್ಕು ಎಣಿಸುವವರೆಗೆ ಅಲುಗಾಡದೆ ನಿಲ್ಲುವುದು ಬದುಕಿರುವವರಿಂದ ಆಗುವ ಕೆಲಸವಲ್ಲ. ಒಬ್ಬ ಬಿಕ್ಕುತ್ತಾನೆ, ಒಬ್ಬಳು ಸೆರಗು ಸರಿಮಾಡಿಕೊಳ್ಳುತ್ತಾಳೆ, ಇನ್ನೊಬ್ಬನಿಗೆ ಹೊಲದ ಪಾಲು ನೆನಪಾಗಿ ಅಣ್ಣನ ಕಡೆ ತಿರುಗುತ್ತಾನೆ.

ಮಣ್ಣು ಮಾಡುವ ಮುಂಚೆ ಹೀಗೆ ಕೂರಿಸಿ ಫೋಟೋ ತೆಗೆಸುವುದು ಅನುಕೂಲಸ್ಥರ ಮನೆಗಳಲ್ಲಿ ರೂಢಿಯಾಗಿತ್ತು. ಹದಿನೈದು ವರ್ಷಗಳಿಂದ ಅದಕ್ಕೆ ಕರೆ ಬರುತ್ತಿದ್ದುದು ಮರಿಬಸಪ್ಪನಿಗೆ. ಹೆಣಕ್ಕೆ ವಿಭೂತಿ ಹಚ್ಚಿದ ಹಿರಿಯರು ಎದುರಿಗಿದ್ದ ಕ್ಯಾಮರಾದ ಸ್ಟ್ಯಾಂಡಿಗೂ ಒಂದಿಷ್ಟು ಬಳಿದೇ ಮುಂದಿನ ಮಾತಾಡುತ್ತಿದ್ದರು. ಹೀಗಾಗಿ ಆ ಮೂರು ಕಾಲಿನ ಸ್ಟ್ಯಾಂಡನ್ನು ಕಂಡರೆ ಓಣಿಯ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳುವರು. ಮದುವೆಗೆ, ತೊಟ್ಟಿಲಿಗೆ ಅವನನ್ನು ಯಾರೂ ಕರೆಯಲಿಲ್ಲ. ಅವನ ಮದುವೆಗೂ ಯಾರೂ ಮುಂದೆ ಬರಲಿಲ್ಲ. ಕೈಚೀಲ ಹಿಡಿದು ಸಂತೆಗೆ ಹೊರಟರೂ ಎದುರಿನ ಹೋಟೆಲಿನ ಜೋಗಪ್ಪ ಕೇಳುತ್ತಿದ್ದ:

"ಯಾರ್ ಹೋದ್ರೋ ಮರಿಬಸಪ್ಪ?"

"ನಾನಽ ಹೊಂಟೀನಿ, ಬದನಿಕಾಯಿ ತರಾಕ."

ಜೋಗಪ್ಪ ನಗುತ್ತಿದ್ದ. ಆದರೆ ಹೋಟೆಲಿನಲ್ಲಿ ಮರಿಬಸಪ್ಪ ಕೂತ ಬೆಂಚಿನ ಇನ್ನೊಂದು ತುದಿ ಎಂಥ ಗಿರಾಕಿಯ ದಿನವೂ ಖಾಲಿಯೇ.

ಅಂಗಡಿಯ ಬಾಗಿಲಲ್ಲಿ ಒಂದು ಗಾಜಿನ ಪೆಟ್ಟಿಗೆಯಿತ್ತು. ಫೋಟೋಗ್ರಾಫರು ತಮ್ಮ ಒಳ್ಳೆಯ ಚಿತ್ರಗಳನ್ನು ಅಂಥದರಲ್ಲಿ ತೂಗುಹಾಕುತ್ತಾರೆ. ಮರಿಬಸಪ್ಪನ ಪೆಟ್ಟಿಗೆಯಲ್ಲಿ ಹದಿನೈದು ವರ್ಷದಿಂದ ನೀಲಿ ಕಾಗದ ಮಾತ್ರ ಇತ್ತು. ಅದೂ ಈಗ ನೀಲಿಯಾಗಿರಲಿಲ್ಲ. ಸತ್ತವರನ್ನು ಬೀದಿಗೆ ಹಾಕಲು ಮನೆಯವರು ಒಪ್ಪರು, ಬದುಕಿದವರು ಅವನ ಮುಂದೆ ಕೂರರು. ಅದರೊಳಗೆ ಜೀವವಿರುವ ಒಂದೇ ಒಂದು ಚಿತ್ರ ತೂಗಬೇಕೆಂಬುದು ಅವನ ಆಸೆ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದರೆ ಬೆಂಚಿನ ಆ ತುದಿಯಲ್ಲಿ ಯಾರಾದರೂ ಕೂತಿರಬೇಕಲ್ಲ.

ಸಾವಿರದ ಒಂಬೈನೂರ ಐವತ್ತರ ಶ್ರಾವಣದಲ್ಲಿ ಸಿರುಗುಪ್ಪದ ಕಡೆಯ ಒಂದು ಬೇಸಾಯದ ಫಾರ್ಮಿನಿಂದ ಕಾಗದ ಬಂತು. ಭತ್ತದ ಸುಳಿ ತಿನ್ನುವ ಹುಳುವಿನ ತತ್ತಿಯ ಫೋಟೋ ಬೇಕು. ತತ್ತಿಯ ಗುಂಪು ಗರಿಯ ತುದಿಯಲ್ಲಿ ಕಡಲೆಬೇಳೆಯಷ್ಟು ಇರುತ್ತದೆ. ಅಂಗೈಯಷ್ಟು ದೊಡ್ಡದಾಗಿ ಕಾಣಬೇಕು. ಗರಿ ಕೊಯ್ದರೆ ಸುರುಳಿ ಸುತ್ತಿಕೊಳ್ಳುವುದರಿಂದ ಗದ್ದೆಯಲ್ಲಿ, ಪೈರಿನ ಮೇಲೇ ತೆಗೆಯಬೇಕು. ಮರಿಬಸಪ್ಪ ಕಾಗದವನ್ನು ಎರಡು ಸಲ ಓದಿದ. ಜೀವವಿರುವ ಗಿರಾಕಿಗಳು, ಅದೂ ಒಂದೇ ಸಲಕ್ಕೆ ನೂರಾರು.

ಹಳೆಯ ಸ್ಟ್ಯಾಂಡ್ ಇದಕ್ಕೆ ಆಗುತ್ತಿರಲಿಲ್ಲ. ಅದರ ಕಾಲುಗಳನ್ನು ನಡುವಿನ ಪಟ್ಟಿ ಹಿಡಿದುಕೊಂಡಿತ್ತು. ಅಗಲಿಸಿ ನೆಲದ ಮಟ್ಟಕ್ಕೆ ಬಗ್ಗಿಸಲು ಬರದು. ಅಷ್ಟು ಹತ್ತಿರದಿಂದ ನೋಡುವಾಗ ಕೂದಲೆಳೆಯ ನಡುಕವೂ ಭೂಕಂಪವಾಗುತ್ತದೆ. ಅಲ್ಲದೆ, ಕ್ಯಾಮರಾ ಒಂದನ್ನು ಬಿಟ್ಟು, ಹೆಣದ ಮುಂದೆ ನಿಂತ ಯಾವ ವಸ್ತುವನ್ನೂ ಸಿರುಗುಪ್ಪಕ್ಕೆ ಒಯ್ಯಬಾರದೆಂದು ಅವನು ತೀರ್ಮಾನಿಸಿದ್ದ. ನಾಟಿ ಗದ್ದೆಗೆ ಸಾವಿನ ಸಾಮಾನು ತಂದನೆಂದು ಗೊತ್ತಾದರೆ ಹೆಂಗಸರು ಕೆಲಸ ಬಿಟ್ಟು ಎದ್ದುಹೋಗುವರು. ಫಾರ್ಮಿನವರು ಅವನನ್ನು ವಾಪಸು ಅಟ್ಟುವರು.

ಕುರುಗೋಡಿನ ಗಾದಿಲಿಂಗಪ್ಪ ಗಾಡಿ ಮಾಡುವ ಬಡಗಿ. ಮರಿಬಸಪ್ಪ ಹೇಳಿದ್ದನ್ನೆಲ್ಲ ಕೇಳಿ ಅವನು ಉಳಿಯಿಂದ ಬೆನ್ನು ತುರಿಸಿಕೊಂಡ.

"ಮೂರಽ ಕಾಲು ಸಾಕೇನು? ನಾಕು ಮಾಡ್ಲ್ಯಾ?"

"ನಾಕು ಬ್ಯಾಡ."

"ನಿನ್ನ ಪರೀಕ್ಷಾ ಮಾಡಿದ್ನಪಾ. ನಾಕು ಕಾಲಿಂದು ಎಲ್ಲ್ಯರ ಒಂದು ಕಡಿ ಕುಂಟತೈತಿ. ಮೂರು ಕಾಲಿಂದು ಎಂಥಾ ನೆಲದಾಗೂ ಕುಂಟಂಗಿಲ್ಲ. ನನ್ನ ಹೆಂಡ್ತಿ ಒಲಿ ಗುಂಡ ನೋಡು, ಮೂರಽ ಅದಾವ."

ಜಾಲಿ ಭಾರವೆಂದು, ಬೇವು ಸೀಳುತ್ತದೆಂದು ಬಿಟ್ಟು, ಒಣಗಿದ ತೇಗ ಆರಿಸಿದರು. ಒಂದೊಂದು ಕಾಲೂ ತನ್ನಷ್ಟಕ್ಕೆ ಎಷ್ಟು ಬೇಕೋ ಅಷ್ಟು ಅಗಲವಾಗಿ, ಬಿಗಿ ಮಾಡಿದಲ್ಲಿ ನಿಲ್ಲಬೇಕು. ಕೆಸರಲ್ಲಿ ಇಳಿಯದಂತೆ ತುದಿಗೆ ಅಂಗೈ ಅಗಲದ ಹಲಗೆ. ಎಂಟು ದಿನ ಬಿಟ್ಟು ಬಂದಾಗ ಮರಿಬಸಪ್ಪ ಅದರ ಮೇಲೆ ತುಂಬಿದ ತಂಬಿಗೆ ಇಟ್ಟು, ಪಕ್ಕದಲ್ಲಿ ಕಾಲು ಅಪ್ಪಳಿಸಿದ. ನೀರು ಒಮ್ಮೆ ನಡುಗಿ ನಿಂತಿತು. ಹಳೆಯದರ ಮೇಲಾದರೆ ಅದು ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ನಡುಗುತ್ತಿತ್ತು.

ತೊಡಕು ಬಂದದ್ದು ತಲೆಯಲ್ಲಿ. ಕಾಲುಗಳ ಮೇಲೆ ಕೂತು ಕ್ಯಾಮರಾವನ್ನು ಹಿಡಿದು ಬಗ್ಗಿಸುವ ಭಾಗಕ್ಕೆ ಅವರ ಕಸಬಿನಲ್ಲಿ ತಲೆ ಎನ್ನುತ್ತಾರೆ. ಕೌಲ್ ಬಜಾರಿನಲ್ಲಿ, ಯುದ್ಧ ಮುಗಿದ ಮೇಲೆ ರಾಶಿ ಬಿದ್ದಿದ್ದ ಮಿಲಿಟರಿ ಸಾಮಾನಿನ ನಡುವೆ ಮರಿಬಸಪ್ಪ ಒಂದು ಹೊಸ ತಲೆ ಆರಿಸಿದ್ದ. ಒಳಗೆ ಗುಂಡು, ಮೇಲೆ ಬಟ್ಟಲು. ಎತ್ತ ಬೇಕಾದರೂ ತಿರುಗುತ್ತದೆ, ಫಳಫಳ ಹೊಳೆಯುತ್ತದೆ. ಗಾದಿಲಿಂಗಪ್ಪನ ಅಂಗಳದಲ್ಲಿ ಕ್ಯಾಮರಾ ಕೂರಿಸಿ, ಕೆಳಗೆ ಬಗ್ಗಿಸಿ, ನೆಲದ ಮೇಲೊಂದು ಸಾಸಿವೆಕಾಳಿಟ್ಟು ಕ್ಯಾಮರಾದ ಹಿಂದೆ ಚಿತ್ರ ಮೂಡುವ ಗಾಜಿನ ನಡುವೆ ಅದನ್ನು ತಂದ. ಇಬ್ಬರೂ ಚಹಾ ಕುಡಿದು ಬಂದು ನೋಡಿದರೆ ಕಾಳು ಗಾಜಿನ ಅಂಚಿಗೆ ಬಂದಿತ್ತು. ಇನ್ನೂ ಬಿಗಿ ಮಾಡಿದರು. ಗುಂಡು ಮತ್ತೆ ಜಾರಿತು. ಹತ್ತು ಸೇರು ತೂಕದ ಕ್ಯಾಮರಾ ಅದಕ್ಕೆ ಭಾರ.

ಮರಿಬಸಪ್ಪ ಚೀಲದಿಂದ ಹಳೆಯ ತಲೆ ತೆಗೆದ. ತರುವುದಿಲ್ಲವೆಂದುಕೊಂಡೇ ತಂದಿದ್ದ. ಹಿತ್ತಾಳೆಯದು, ಒಂದೇ ಕಡೆ ಮಡಿಚುವಂಥದು, ಹೆಬ್ಬೆರಳು ಗಾತ್ರದ ತಿರುಪು. ಅದರ ಮೇಲೆ ಇನ್ನೊಂದು ಚಹಾ ಕುಡಿದು ಬಂದರೂ ಸಾಸಿವೆ ನಡುವೆಯೇ ಇತ್ತು.

"ಅದು ಎಷ್ಟು ಮನಿ ಅಳೂದು ನೋಡೈತೋ," ಎಂದ ಗಾದಿಲಿಂಗಪ್ಪ. "ನೀ ಹೊಸಾದಽ ಒಯ್ಯೋದು ಚಲೋ."

"ಹೊಸಾದು ನಿಲ್ಲಂಗಿಲ್ಲಲ್ಲೋ."

"ಮತ್ತ ತಿಳಿದ್ರ?"

ಮರಿಬಸಪ್ಪ ಹಳೆಯ ತಲೆಗೆ ಹುಣಸೆಹಣ್ಣು ಹಚ್ಚಿ ಎರಡು ಸಲ ತಿಕ್ಕಿ ತೊಳೆದ.

ಸಿರುಗುಪ್ಪದ ಗದ್ದೆಯಲ್ಲಿ ಅಂದು ಮೋಡವಿತ್ತು. ಮೇಸ್ತ್ರಿ ಪಕ್ಕೀರಪ್ಪ ಬದುವಿನ ಮೇಲೆ ಛತ್ರಿ ಊರಿ ನಿಂತಿದ್ದ. ತತ್ತಿ ಹುಡುಕಿ ಕೀಳುವ ಕೂಲಿ ಹೆಂಗಸು, ನಲವತ್ತರ ಹಂಪಕ್ಕ, ಬಗ್ಗಿ ಒಂದು ಗರಿ ತೋರಿಸಿದಳು. ಕಂದು ರೋಮ ಹೊದ್ದ ತತ್ತಿ, ಬೆಚ್ಚಗೆ ಮಲಗಿತ್ತು. ಮರಿಬಸಪ್ಪ ಮೊಣಕಾಲೂರಿ ಸ್ಟ್ಯಾಂಡನ್ನು ಕೆಸರಿನ ಮಟ್ಟಕ್ಕೆ ಅಗಲಿಸಿದ. ಅದು ಎಮ್ಮೆಯ ಹಾಗೆ ಕೂತಿತು. ತಲೆಯ ತಿರುಪು ಬಿಚ್ಚುತ್ತಲೇ ಪಕ್ಕೀರಪ್ಪ ಬಗ್ಗಿ ನೋಡಿದ.

"ಏನ್ರೀ ಇದು? ತಿರುಪಿನ ಸಂದ್ಯಾಗ ಬೆಳ್ಳಗ... ಇಬೂತಿ ಇದ್ದಂಗ ಐತಲ್ಲ?"

ಹುಣಸೆಹಣ್ಣು ಸಂದಿಗೆ ಇಳಿದಿರಲಿಲ್ಲ.

"ಪೂಜಿ ಮಾಡಿರ್ತಾರ ಬಿಡ್ರಿ ಮೇಸ್ತ್ರೇರ," ಎಂದಳು ಹಂಪಕ್ಕ. "ಅನ್ನ ಕೊಡೋ ಆಯುಧ ಅಲ್ಲೇನು? ನೀವು ನಿಮ್ಮ ಛತ್ರಿಗಿ ಮಾಡಂಗಿಲ್ಲ, ಅದಕಽ ಸೋರತೈತಿ."

ಹಿಂದಿನ ಸಾಲಿನಲ್ಲಿ ಹೆಂಗಸರು ನಕ್ಕರು. ಪಕ್ಕೀರಪ್ಪ ಅವರನ್ನು ಬೈಯಲು ಆ ಕಡೆ ನಡೆದ.

ಹಂಪಕ್ಕ ಕ್ಯಾಮರಾದ ಪಕ್ಕಕ್ಕೆ ಬಂದು ದನಿ ತಗ್ಗಿಸಿದಳು. "ಇವತ್ತು ಚಾಪಿ ಹಿಡಿಯಾದು ಬ್ಯಾಡೇನ್ರಿ ಯಪ್ಪಾ?"

ಮರಿಬಸಪ್ಪ ತಲೆಯೆತ್ತಿದ.

"ಸಿರಿಗೇರ್ಯಾಗ ನಮ್ಮ ಧಣೇರು ಹೋದಾಗ ಬಂದಿದ್ರಿ. ಬಿಸಿಲು ಕಣ್ಣಿಗಿ ಹೊಡಿತೈತಿ, ಚಾಪಿ ಹಿಡಿ ಅಂದ್ರಿ. ಹಿಡಿದೆ. ನನ್ನ ಮೊಣಕೈ ಫೋಟೋದಾಗ ಬಂದಿತ್ತಂತ. ಕತ್ತರಿಸಿಬಿಟ್ರಂತ. ಮನ್ಯಾಗಿನವರು ಹೇಳಿದ್ರು."

ಆ ಫೋಟೋ ಅವನಿಗೆ ನೆನಪಿತ್ತು. ಸುತ್ತಲಿದ್ದ ಹದಿಮೂರು ಮಂದಿಯೂ ಕದಡಿದ್ದರು; ಅಂಚಿನಲ್ಲಿ ಒಂದು ಮೊಣಕೈ ಮಾತ್ರ ಅಲುಗಾಡದೆ ಬಂದಿತ್ತು. ಯಾರದೆಂದು ಅವನು ಕೇಳಿರಲಿಲ್ಲ.

"ಗೊತ್ತಿದ್ದೂ ಮೇಸ್ತ್ರಿಗೆ ಹೇಳಲಿಲ್ಲೇನವ್ವಾ?"

"ಏನಂತ ಹೇಳ್ಲಿ? ಸತ್ತೋರ ಮನಿಗೆ ನಾನೂ ಹೋಗಿದ್ನಲ್ಲ. ನಾ ನೆಟ್ಟ ಪೈರು ಬರಲಿಲ್ಲೇನು?"

ಅವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ. ಒಳಗೆ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಅದು ಗಾಜಿನ ದೋಷವಲ್ಲ. ಆಮೇಲೆ ಕಂಡಿತು: ತತ್ತಿ ಅಂಗೈಯಷ್ಟಾಗಿತ್ತು, ರೋಮ ರೋಮ ಬೇರೆಯಾಗಿತ್ತು. ಮರುಕ್ಷಣ ತುಂಗಭದ್ರೆಯ ಕಡೆಯಿಂದ ಗಾಳಿ ಬೀಸಿ ಗರಿ ಗಾಜಿನಿಂದಲೇ ಮಾಯವಾಯಿತು. ಮತ್ತೆ ಬಂತು, ಮತ್ತೆ ಹೋಯಿತು. ತೇಗದ ಕಾಲು, ಹಿತ್ತಾಳೆ ತಲೆ ಕಲ್ಲಿನಂತೆ ನಿಂತಿದ್ದವು. ಕುಣಿಯುತ್ತಿದ್ದುದು ಗಿರಾಕಿ. ಹದಿನೈದು ವರ್ಷದಲ್ಲಿ ಗಿರಾಕಿ ಎದ್ದುಹೋದ ಅನುಭವ ಅವನಿಗಿರಲಿಲ್ಲ. ಚಿತ್ರ ಹಿಡಿಯುವ ಮೂರು ಗಾಜಿನ ಪ್ಲೇಟು ಹಾಳಾದವು, ಉಳಿದದ್ದು ಒಂದು.

"ಹಿಡಿಲ್ಯಾ?" ಎಂದಳು ಹಂಪಕ್ಕ.

ಕೆಸರಲ್ಲಿ ಕೂತು, ಮೊಣಕೈಯನ್ನು ಮೊಣಕಾಲಿಗೆ ಊರಿ, ಹೆಬ್ಬೆರಳು ತೋರುಬೆರಳ ನಡುವೆ ಗರಿಯನ್ನು ಹಿಡಿದಳು. "ಈ ಸಲ ಕತ್ತರಿಸಬ್ಯಾಡ್ರಿ ಮತ್ತ."

"ಇಲ್ಲವ್ವ. ಉಸಿರು ಹಿಡಿ."

ಒಂದು, ಎರಡು, ಮೂರು, ನಾಲ್ಕು. ಗಾಳಿಗೆ ಅವಳ ಸೆರಗು ಹಾರಿತು. ಬೆರಳು ಅಲುಗಲಿಲ್ಲ.

ಫಾರ್ಮಿನವರು ಚಿತ್ರವನ್ನು ಮೆಚ್ಚಿ, ಕೂಲಿಯವಳ ಬೆರಳು ತೆಗೆದು ಕಳಿಸಬೇಕೆಂದು ಬರೆದರು. ಮರಿಬಸಪ್ಪ ಅವರ ಪ್ರತಿಯಿಂದ ಬೆರಳು ಕತ್ತರಿಸಿದ. ಅವರ ತತ್ತಿ, ಅವರ ಇಷ್ಟ. ಕತ್ತರಿಸದ ಒಂದು ಪ್ರತಿಯನ್ನು ಹಂಪಕ್ಕನ ಹೆಸರಿಗೆ ಕಳಿಸಿದ. ಇನ್ನೊಂದನ್ನು ದೊಡ್ಡದು ಮಾಡಿ, ಪೆಟ್ಟಿಗೆಗೆ ಹೊಸ ನೀಲಿ ಕಾಗದ ಹಚ್ಚಿ, ನಡುವೆ ತೂಗಿದ. ಉಗುರಿನೊಳಗಿನ ಕೆಸರು, ಬೆರಳ ಮೇಲಿನ ಕುಡುಗೋಲಿನ ಗಾಯ, ಚರ್ಮದ ಗೆರೆ, ಎಲ್ಲವೂ ಸ್ಪಷ್ಟವಾಗಿದ್ದವು.

ಮೊದಲ ದಿನ ನಿಂತು ನೋಡಿದವನು ಜೋಗಪ್ಪ. "ಯಾರ್ ಹೋದ್ರೋ?"

"ಯಾರೂ ಹೋಗಿಲ್ಲ. ಸಿರುಗುಪ್ಪದ ಕಡೆ ಅದಾಳ."

"ಬೆರಳಽ ಅಷ್ಟು ಸಿಕ್ಕುವೇನು, ಪಾಪ," ಎಂದು ಜೋಗಪ್ಪ ನಿಟ್ಟುಸಿರಿಟ್ಟು ಹೋದ.

ವಾರ ಕಳೆದು ರೂಪನಗುಡಿಯಿಂದ ಕರೆ ಬಂತು. ಅಲ್ಲಿನ ಗೌಡರು ತೀರಿಕೊಂಡಿದ್ದರು. ಮರಿಬಸಪ್ಪ ಹಳೆಯ ಕಾಲು ಹೊರತೆಗೆದ. ಹಿತ್ತಾಳೆ ತಲೆಯನ್ನು ಜೀವವಿರುವ ಗಿರಾಕಿಗಳಿಗೆಂದು ಹೊಸ ಕಾಲಿನ ಮೇಲೆಯೇ ಬಿಟ್ಟು, ಜಾರುವ ಗುಂಡಿನ ತಲೆಯನ್ನು ಚೀಲಕ್ಕೆ ಹಾಕಿಕೊಂಡ. ಗೌಡರು ನೆಟ್ಟಗೆ ಕೂತಿರುತ್ತಾರೆ. ಕ್ಯಾಮರಾ ಬಗ್ಗಿಸುವ ಕೆಲಸವಿಲ್ಲ.

ಬಾಗಿಲಿಗೆ ಬೀಗ ಹಾಕುವಾಗ ಜೋಗಪ್ಪ ಕೂಗಿದ. "ಯಾರ್ ಹೋದ್ರೋ ಮರಿಬಸಪ್ಪ?"

"ರೂಪನಗುಡಿ ಗೌಡ್ರು."

"ಮತ್ತ ಆ ಬೆರಳಿನಾಕಿ?"

"ಅದಾಳ," ಎಂದ ಮರಿಬಸಪ್ಪ.

ಬಸ್ಸಿನಲ್ಲಿ ಅವನ ಪಕ್ಕದ ಜಾಗ ಎಂದಿನಂತೆ ಖಾಲಿಯಿತ್ತು. ಸ್ಟ್ಯಾಂಡನ್ನು ಅಲ್ಲಿ ಮಲಗಿಸಿದ.